ಆಯಿಶಮ್ಮನ ಬಿತ್ತು

ನರಿಕೊಂಬು
೮ ಡಿಸೆಂಬರ್ ೨೦೨೪

ಪ್ರೀತಿಯ ವಿಜೇತಾ,

ಅಸ್ಸಲಾಮು ಅಲೈಕುಂ. ಹಾಸ್ಟೆಲಿನಲ್ಲಿ ನಾನು ಹೀಗೆ ಅಂದಾಗಲೆಲ್ಲ ನೀನು, "ವಅಲೈಕುಂ ಮಾರಾಯ್ತಿ, ಮೊದಲು ಬಕೆಟ್ ಕೊಡು" ಅನ್ನುತ್ತಿದ್ದೆ. ಈಗಲೂ ಹಾಗೆಯೇ ಅಂದುಕೊಂಡು ಮುಂದೆ ಓದು.

ನಿನ್ನ ಮೆಸೇಜುಗಳಿಗೆ ಉತ್ತರ ಕೊಡಲಿಲ್ಲ. ಸಿಟ್ಟಿನಿಂದ ಅಲ್ಲ. ಸಿಟ್ಟು ಬಂದಿದ್ದರೆ ನಿನಗೆ ಗೊತ್ತಾಗುತ್ತಿತ್ತು, ಹೈದರಾಬಾದಿನವರೆಗೆ ಕೇಳುವ ಹಾಗೆ ಬೈಯುತ್ತಿದ್ದೆ. ಉಮ್ಮ ತೀರಿಹೋದ ನಲ್ವತ್ತನೇ ದಿನದ ಓದು ಮೊನ್ನೆ ಮುಗಿಯಿತು. ನಾನು ಇನ್ನೂ ಅತ್ತಿಲ್ಲ. ಮಯ್ಯತ್ತಿಗೆ ಕೊನೆಯ ಸ್ನಾನದ ನೀರು ಹಾಕುವಾಗ ಚೊಂಬು ಹಿಡಿದವಳು ನಾನೇ. ಬಂದವರಿಗೆ ಚಾ ಮಾಡಿದೆ, ಹಾಸಿಗೆ ಬಿಸಿಲಿಗೆ ಹಾಕಿದೆ, ಉಮ್ಮನ ಬಟ್ಟೆ ಮಡಚಿ ಬಡವರ ಮನೆಗೆ ಕಳಿಸಿದೆ. ಅಳು ಮಗಳೇ, ಎದೆಯಲ್ಲಿ ಇಟ್ಟುಕೊಳ್ಳಬೇಡ ಅಂತ ಎಲ್ಲರೂ ಹೇಳಿದರು. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಉಂಟೋ ಇಲ್ಲವೋ ಗೊತ್ತಾಗುವುದಿಲ್ಲವಲ್ಲ, ನಾನು ಪೂರ್ತಿ ಹಾಗೆ ಇದ್ದೇನೆ. ತಮ್ಮ ನಿಝಾರ್ ಮಣ್ಣು ಮಾಡಲಿಕ್ಕೆ ಬಂದು ಮತ್ತೆ ಸೌದಿಯ ಜುಬೈಲಿಗೆ ಹೋದ. ಅವನ ಹೆಂಡತಿ ಜಸೀಲಾ ಮತ್ತು ನಾನು ಇದ್ದೇವೆ. ನನಗೆ ರಜೆ ಉಂಟು. ರಜೆ ಮುಗಿದ ಮೇಲೆ ಹೋಗಲಿಕ್ಕೆ ಕೆಲಸ ಉಂಟೋ ಇಲ್ಲವೋ, ಅದು ನಿನ್ನ ವರದಿಯ ಕೈಯಲ್ಲಿ ಉಂಟು.

ವರದಿ ಓದಿದೆ. ನಮ್ಮ ಮುಖ್ಯಸ್ಥರು ಅದರ ಕರಡನ್ನು ನನ್ನ ಮೊಬೈಲಿಗೇ ಹಾಕಿದ್ದರು. ಸರಕಾರ ಕೃಷಿ ಸಂಶೋಧನೆಗೆ ಹಾಕಿದ ಒಂದೊಂದು ರೂಪಾಯಿ ಜನರಿಗೆ ಎಷ್ಟಾಗಿ ವಾಪಸು ಬಂತು ಅಂತ ನೀನು ರಾಜ್ಯದ ಎಲ್ಲ ಕೇಂದ್ರಗಳಿಗೂ ಲೆಕ್ಕ ಹಾಕಿದ್ದೀಯ. ಬೇರೆ ಕಡೆ ಒಂದಕ್ಕೆ ಹತ್ತು, ಒಂದಕ್ಕೆ ಹದಿನಾಲ್ಕು. ಬೆಳ್ತಂಗಡಿಯ ಆಚೆ ಇರುವ ನಮ್ಮ ಭತ್ತದ ವಿಭಾಗದ್ದು ಮಾತ್ರ ಹಾಕಿದ್ದೂ ಹುಟ್ಟಲಿಲ್ಲ. ಖರ್ಚಿನ ಬದಿಯಲ್ಲಿ ನನ್ನ ಸಂಬಳ, ಪಂಪಿನ ಕರೆಂಟು, ಶೆಡ್ಡಿನ ತಗಡು, ಸುಟ್ಟುಹೋದ ಮೋಟರು, ಎಲ್ಲ ಉಂಟು, ಏನೂ ಬಿಟ್ಟಿಲ್ಲ. ಲಾಭದ ಬದಿಯಲ್ಲಿ ಒಂದೇ ಸಾಲು: "ಜಲಧಾರಿ-೩ ತಳಿಯ ಬಿತ್ತನೆಬೀಜ ಮಾರಾಟವಾದ ದಾಖಲೆಯಿಲ್ಲ, ಭೇಟಿ ಮಾಡಿದ ಯಾವ ರೈತರೂ ಬೆಳೆಯುತ್ತಿಲ್ಲ." ನಿನ್ನ ಜಾಗದಲ್ಲಿ ನಾನಿದ್ದರೂ ಇದನ್ನೇ ಬರೆಯುತ್ತಿದ್ದೆ. ಆಕ್ಷೇಪ ಇದ್ದರೆ ಈ ತಿಂಗಳ ಕೊನೆಯೊಳಗೆ ಪುರಾವೆ ಸಮೇತ ಕೊಡಬೇಕು, ಇಲ್ಲದಿದ್ದರೆ ಭತ್ತದ ವಿಭಾಗ ಮುಚ್ಚುವುದು, ಗದ್ದೆಯನ್ನು ಬೇರೆ ಇಲಾಖೆಗೆ ಬಿಟ್ಟುಕೊಡುವುದು ಅಂತ ಉಂಟು.

ಜಲಧಾರಿ ಏನು ಅಂತ ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಇನ್ನು ಯಾರ ಹತ್ತಿರ ಹೇಳುವುದು? ನನ್ನ ಪ್ರಾಯವೆಲ್ಲ ಅದಕ್ಕೇ ಹೋಯಿತು. ನೆರೆಯ ನೀರು ತಲೆಯ ಮೇಲೆ ವಾರಗಟ್ಟಲೆ ನಿಂತರೂ ಕೊಳೆಯದೆ, ನೀರು ಇಳಿದ ಮೇಲೆ ಮತ್ತೆ ಚಿಗುರುವ ಕೆಂಪಕ್ಕಿಯ ಭತ್ತ. ನೇತ್ರಾವತಿ ಉಕ್ಕಿದಾಗ ನಮ್ಮ ನರಿಕೊಂಬಿನ ಬೈಲುಗದ್ದೆಗಳಲ್ಲಿ ನೆಟ್ಟ ಭತ್ತದ ನೇಜಿ ಕೊಳೆತು ನಾರುವುದನ್ನು ಮೂಗು ಮುಚ್ಚಿಕೊಂಡು ದಾಟಿ ಶಾಲೆಗೆ ಹೋದವಳು ನಾನು. ಆ ವಾಸನೆಯಿಂದಲೇ ಈ ಕೆಲಸಕ್ಕೆ ಸೇರಿದ್ದು. ತಳಿ ತಯಾರಾಯಿತು. ಪ್ರಯೋಗಕ್ಕೆ ಅಂತ ಪಟ್ಟಿಯಲ್ಲಿದ್ದ ರೈತರಿಗೆ ಬೀಜ ಕೊಟ್ಟೆವು. ಅವರಲ್ಲಿ ಅರ್ಧ ಜನ ಗದ್ದೆಗೆ ಮಣ್ಣು ತುಂಬಿಸಿ ರಬ್ಬರ್ ಇಟ್ಟರು, ಉಳಿದವರು ಬೇಸಾಯವನ್ನೇ ಬಿಟ್ಟರು. ಅಲ್ಲಿಗೆ ಮುಗಿಯಿತು ಅಂತ ನಾನೂ ತಿಳಿದಿದ್ದೆ.

ಒಂದು ಚೀಲ ಮನೆಗೂ ತಂದಿದ್ದೆ. ಉಮ್ಮ ಹೊಳೆಬದಿಯ ಒಂದು ಪಟ್ಟಿ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದಳಲ್ಲ, ಅದಕ್ಕೆ. ರೈತರ ಗದ್ದೆಯಲ್ಲಿ ಹಾಕಿಸಿ ನೋಡುವುದು ನನ್ನ ಕೆಲಸವೇ ಆಗಿತ್ತು, ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಎರಡು ತಿಂಗಳು ಬಿಟ್ಟು ಆಫೀಸಿನಿಂದ ಫೋನ್ ಮಾಡಿ, ಉಮ್ಮ, ಆ ಬಿತ್ತು ಹೇಗೆ ಬಂತು ಅಂತ ಕೇಳಿದೆ. ಯಾವ ಬಿತ್ತು ಅಂದಳು. ನಾನು ತಂದ ಚೀಲ ಅಂದೆ. ಅದಾ, ಕೋಳಿಗೆ ಹಾಕಿದೆ ಅಂದಳು.

ವಿಜಿ, ಆ ಮಾತು ನನಗೆ ಎಷ್ಟು ನಟ್ಟಿತು ಅಂದರೆ, ಆಮೇಲೆ ಮನೆಯಲ್ಲಿ ನಾನು ಭತ್ತದ ಸುದ್ದಿಯನ್ನೇ ಎತ್ತಲಿಲ್ಲ. ಪೆರ್ನಾಳ್ ಹಬ್ಬಕ್ಕೆ, ತಿಂಗಳ ಕೊನೆಗೆ ಬರುತ್ತಿದ್ದೆ, ಜಗಲಿಯಲ್ಲಿ ಗದ್ದೆಗೆ ಬೆನ್ನು ಹಾಕಿ ಕೂತು ಚಾ ಕುಡಿದು ಹೋಗುತ್ತಿದ್ದೆ. ಉಮ್ಮನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೀಗೆ ವರ್ಷಗಳು ಹೋದವು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ.

ಉಮ್ಮ ಹೋದದ್ದು ಮಳೆಗಾಲದ ಎಣೆಲು ಬೆಳೆ ಕೊಯ್ಯುವ ಸಮಯದಲ್ಲಿ. ಮೂರನೇ ದಿನದ ಓದು ಮುಗಿದ ಮೇಲೆ ಮಾಯಿಲಪ್ಪಣ್ಣ ಬಂದರು. ನಮ್ಮ ಗದ್ದೆಯ ಪಕ್ಕದ ಗದ್ದೆಯವರು, ಎಪ್ಪತ್ತು ದಾಟಿದ ಜನ. ಜಗಲಿಯಲ್ಲಿ ಕೂತು ಚಾ ಕುಡಿದರು. ಏಳುವಾಗ ಹೆಗಲ ಬೈರಾಸು ಬಟ್ಟೆಯಲ್ಲಿ ಕಟ್ಟಿದ ಒಂದು ಗಂಟನ್ನು ಗೋಡೆಗೆ ಒರಗಿಸಿ ಇಟ್ಟು ಹೋದರು. ಮರುದಿನ ಪಾಣೆಮಂಗಳೂರಿನ ಕಡೆಯಿಂದ ಇಬ್ಬರು ಹೆಂಗಸರು ಬಂದರು, ನನಗೆ ಮುಖಪರಿಚಯವೂ ಇಲ್ಲ. ಅವರ ಕೈಯಲ್ಲೂ ಗಂಟು. ಹಾಗೆಯೇ ಬರುತ್ತ ಹೋದರು. ಬುರ್ಖಾ ಹಾಕಿದವರು, ಕುಂಕುಮ ಇಟ್ಟವರು, ಕೊರಳಲ್ಲಿ ಶಿಲುಬೆ ಹಾಕಿಕೊಂಡು ಸ್ಕೂಟರಿನಲ್ಲಿ ಬಂದ ಒಬ್ಬ ಪುರ್ಬು. ಬಿ.ಸಿ.ರೋಡಿನಲ್ಲಿ ಬಸ್ಸು ಇಳಿದು ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ದಾರಿ ಕೇಳುತ್ತ ಬಂದವರೂ ಉಂಟು. ಎಲ್ಲರದ್ದೂ ಉಮ್ಮನ ಹೆಸರು ಹಿಡಿದು ಒಂದೇ ಮಾತು, ಆಯಿಶಮ್ಮನ ಬಿತ್ತು, ಕೊಡಬೇಕಿತ್ತು.

ನಮ್ಮ ಕಡೆಯ ಕ್ರಮ ನಿನಗೆ ಗೊತ್ತುಂಟು. ಬಿತ್ತನ್ನು ಮಾರುವುದಿಲ್ಲ. ಒಂದು ಸೇರು ತೆಗೆದುಕೊಂಡವರು ಕೊಯ್ಲಾದ ಮೇಲೆ ಒಂದು ಸೇರು, ಮೇಲೊಂದು ಹಿಡಿ ವಾಪಸು ಕೊಡಬೇಕು. ಕೊಟ್ಟವರು ತೀರಿಹೋದರೆ ನಲ್ವತ್ತರ ಒಳಗೆ ಅವರ ಮನೆಗೆ ಮುಟ್ಟಿಸಬೇಕು. ಸತ್ತವರ ಬಿತ್ತು ಇಟ್ಟುಕೊಂಡರೆ ಮೊಳಕೆ ಬಾರದು ಅನ್ನುತ್ತಾರೆ. ಯಾವುದೋ ಊರಿನ ಹಳೆಯ ಬಿತ್ತು ಅಂದುಕೊಂಡು ನಾನು ಗಂಟುಗಳನ್ನು ಒಂದರ ಮೇಲೊಂದು ಇಡುತ್ತ ಹೋದೆ. ಆಮೇಲೆ ಜಗಲಿಯಲ್ಲಿ ಕಾಲಿಡಲಿಕ್ಕೆ ಜಾಗ ಇಲ್ಲ. ಇಲಿ ಬರುತ್ತದೆ ಅಂತ ಜಸೀಲಾ ಗೊಣಗಿದ್ದಕ್ಕೆ ಡ್ರಮ್ಮಿಗೆ ಸುರಿಯುವ ಅಂತ ಮಾಯಿಲಪ್ಪಣ್ಣನ ಗಂಟು ಬಿಚ್ಚಿದೆ.

ಅಂಗೈಗೆ ಹಾಕಿಕೊಂಡದ್ದೇ ಗೊತ್ತಾಯಿತು. ಹೊಟ್ಟಿನ ಮೇಲೆ ಉದ್ದಕ್ಕೆ ಕಂದು ಗೀರು, ತುದಿಯಲ್ಲಿ ಮೋಟು ಮುಳ್ಳು. ರಸ್ತೆಯಿಂದ ನೋಡಿದರೆ ಎಲ್ಲ ಭತ್ತವೂ ಒಂದೇ, ಅಂಗೈಯಲ್ಲಿ ಮಾತ್ರ ಇದು ಬೇರೆ. ಆ ಗೀರನ್ನು ನೋಡಿ ನೋಡಿಯೇ ನನ್ನ ಕನ್ನಡಕದ ನಂಬರ್ ಏರಿದ್ದು. ಜಲಧಾರಿ. ಎರಡನೇ ಗಂಟು ಬಿಚ್ಚಿದೆ, ಜಲಧಾರಿ. ಮೂರನೆಯದ್ದೂ. ಕೊನೆಗೆ ನೆಲದಲ್ಲಿ ಕೂತು ಎಲ್ಲವನ್ನೂ ಬಿಚ್ಚಿದೆ. ಸಂತೋಷ ಆಗಬೇಕಿತ್ತು ವಿಜಿ. ಆಗಲಿಲ್ಲ. ಹೌದು, ಇದು ಅದೇ ಅಂತ ಅನಿಸಿತು, ಅಷ್ಟೇ.

ಹೊಳೆಬದಿಗೆ ಹೋದೆ. ಮಾಯಿಲಪ್ಪಣ್ಣ ಬೈಹುಲ್ಲು ಒಟ್ಟುತ್ತಿದ್ದರು. ಕೇಳಿದೆ. ಮೊದಲು ಅವರು ಸುತ್ತ ನೋಡಿದರು. ಆಮೇಲೆ ಹೆಮ್ಮೆಯಿಂದ, "ನಾವು ಬಾಯಿ ಬಿಡಲಿಲ್ಲ ಮಗಳೇ" ಅಂದರು. "ಆ ಟ್ಯಾಬ್ ಹಿಡಿದು ಸರ್ವೆಗೆ ಬಂದವರು ಎಷ್ಟು ಕೇಳಿದರೂ, ಜಲಧಾರಿಯಾ, ಅದೆಂತದು ಮಾರಾಯ್ರೆ, ನಮ್ಮದು ಊರಿನ ಬಿತ್ತು ಅಂತಲೇ ಹೇಳಿದ್ದು. ನಿನ್ನ ಕೆಲಸಕ್ಕೆ ಏನೂ ತೊಂದರೆ ಆಗಲಿಕ್ಕಿಲ್ಲ. ಹೆದರಬೇಡ."

ನಡೆದದ್ದು ಇಷ್ಟು. ನಾನು ತಂದ ಚೀಲದ ಮೇಲೆ ಸರಕಾರದ ಮುದ್ರೆ ಇತ್ತು, ಕೆಳಗೆ "ಮಾರಾಟಕ್ಕಲ್ಲ" ಅಂತ ದೊಡ್ಡದಾಗಿ ಇತ್ತು. ಪ್ರಯೋಗದ ಬೀಜದ ಚೀಲದಲ್ಲಿ ಅದು ಯಾವಾಗಲೂ ಇರುತ್ತದೆ. ಉಮ್ಮನಿಗೆ ಕನ್ನಡ ಓದಲಿಕ್ಕೆ ಬರುತ್ತಿರಲಿಲ್ಲ. ಮಾಯಿಲಪ್ಪಣ್ಣನ ಹತ್ತಿರ ಓದಿಸಿದಳು. ಅದಕ್ಕೆ ಸ್ವಲ್ಪ ಮೊದಲು ನಮ್ಮ ಪಕ್ಕದ ಊರಿನ ರೇಶನ್ ಅಂಗಡಿಯ ಯಾಕೂಬ್, ಮಾರಾಟಕ್ಕಲ್ಲ ಅಂತ ಬರೆದ ಗೋಣಿ ಹಿತ್ತಿಲಲ್ಲಿ ಸಿಕ್ಕಿ ಕೆಲಸ ಕಳೆದುಕೊಂಡಿದ್ದ. ಉಮ್ಮನಿಗೆ ಅದೇ ನೆನಪಾಯಿತಂತೆ. ಗದ್ದೆ ಕೊಳೆತದ್ದನ್ನು ನೋಡಲಾರದೆ ಮಗಳು ಕೆಲಸವನ್ನೇ ಪಣಕ್ಕಿಟ್ಟು ಸರಕಾರದ ಮಾಲು ಎತ್ತಿಕೊಂಡು ಬಂದಿದ್ದಾಳೆ ಅಂದುಕೊಂಡಳು. ಚೀಲವನ್ನು ಒಲೆಗೆ ಹಾಕಿದಳು. ಬಿತ್ತನ್ನು ಬಿತ್ತಿದಳು. ಫೋನಿನಲ್ಲಿ ಆಫೀಸಿನವರು ಕೇಳಿಯಾರು ಅಂತ, ಕೋಳಿಗೆ ಹಾಕಿದೆ ಅಂದಳು.

ಆ ವರ್ಷ ನೆರೆ ಬಂದು ಸುತ್ತಲಿನ ಗದ್ದೆಯೆಲ್ಲ ಹೋಯಿತು, ಉಮ್ಮನ ಪಟ್ಟಿ ಮಾತ್ರ ಎದ್ದು ನಿಂತಿತು. ಜನ ಬಿತ್ತು ಕೇಳಿದರು. ಉಮ್ಮ ಯಾರಿಗೂ ಇಲ್ಲ ಅನ್ನಲಿಲ್ಲ. ಆದರೆ ಪ್ರತಿಯೊಬ್ಬರಿಂದಲೂ ಮಾತು ತೆಗೆದುಕೊಂಡಳು. ಮಾರಬಾರದು, ಆಫೀಸಿನವರು ಯಾರು ಬಂದರೂ ಇದು ಎಲ್ಲಿಂದ ಬಂತು ಅಂತ ಹೇಳಬಾರದು. ಹಿಂದೂಗಳು ತುಳಸಿಕಟ್ಟೆಯ ಎದುರು ಹೇಳಿದರು, ನಮ್ಮವರು ಅಲ್ಲಾಹನ ಮೇಲೆ ಆಣೆ ಹಾಕಿದರು. ಅವರೂ ಬೇರೆಯವರಿಗೆ ಕೊಡುವಾಗ ಅದೇ ಮಾತು ತೆಗೆದುಕೊಂಡರು. ಬಂಟ್ವಾಳದಿಂದ ಬೆಳ್ತಂಗಡಿಯ ಬೈಲುಗಳವರೆಗೆ, ನನ್ನ ಕೇಂದ್ರದ ಬೇಲಿಯ ಆಚೆಯ ಗದ್ದೆಯವರೆಗೂ, ಬಿತ್ತು ಹೋಯಿತು, ಜೊತೆಗೆ ಆ ಮಾತೂ ಹೋಯಿತು. ಮಾರಿದ್ದರೆ ನಿನಗೆ ರಶೀದಿ ಸಿಗುತ್ತಿತ್ತು. ಬಾಯಿ ಬಿಟ್ಟಿದ್ದರೆ ನಿನ್ನ ಟ್ಯಾಬಿನಲ್ಲಿ ಬರುತ್ತಿತ್ತು. ನನ್ನ ಕೆಲಸ ಉಳಿಸಲಿಕ್ಕೆ ಒಂದು ಊರಿಗೆ ಊರೇ ಸುಳ್ಳು ಹೇಳಿತು, ಅದರಿಂದಲೇ ನನ್ನ ಕೆಲಸ ಹೋಗುತ್ತಿದೆ. ಯಾರಿಗೆ ಬೈಯಲಿ, ಹೇಳು.

ಮಾಯಿಲಪ್ಪಣ್ಣನ ಜೊತೆ ಗದ್ದೆಯ ಅಂಚಿನ ಹುಣಿಯ ಮೇಲೆ ನಡೆದೆ. ನಾನು ಸಣ್ಣವಳಿದ್ದಾಗ ಬೇಸಾಯ ಇಲ್ಲದೆ ಹಡೀಲು ಬಿದ್ದಿದ್ದ ಗದ್ದೆಗಳಲ್ಲಿ ಈಗ ಕೊಯ್ದ ಕೂಳೆ ಕಾಣುತ್ತದೆ. ಮೊದಲು ನೆರೆ ಇಳಿದ ಮೇಲೆ ಎರಡನೇ ಸಲ ನೇಜಿ ನೆಡಬೇಕಿತ್ತು, ಕೆಲವು ವರ್ಷ ಮೂರನೇ ಸಲ, ಹೆಂಡತಿಯ ಬಳೆ ಬ್ಯಾಂಕಿನಲ್ಲೇ ಇರುತ್ತಿತ್ತು, ಈಗ ಅದು ಅವಳ ಕೈಯಲ್ಲಿ ಉಂಟು ಅಂದರು. ಹುಲ್ಲು ಸಾಕಷ್ಟು ಬರುವುದರಿಂದ ದನ ಮಾರಲಿಲ್ಲವಂತೆ. ಹೊಳೆ ಬರುತ್ತದೆ, ಹೋಗುತ್ತದೆ, ನಾವು ಇಲ್ಲೇ ಇರುತ್ತೇವೆ ಅಂದರು. ಸಂಶೋಧನೆಗೆ ಹಾಕಿದ ದುಡ್ಡು ಹಲಸಿನ ಬೀಜ ಹಾಕಿದ ಹಾಗೆ, ಹಾಕಿದವನಿಗಲ್ಲ, ದಾರಿಯಲ್ಲಿ ಹೋಗುವವನಿಗೆ ಹಣ್ಣು ಅಂತ ಹಾಸ್ಟೆಲಿನಲ್ಲಿ ನೀನೇ ಹೇಳುತ್ತಿದ್ದೆ. ಆ ಹಣ್ಣು ನನ್ನ ಕಣ್ಣ ಮುಂದೆಯೇ ಇತ್ತು. ನಾನು ಜಗಲಿಯಲ್ಲಿ ಅದಕ್ಕೆ ಬೆನ್ನು ಹಾಕಿ ಕೂತಿದ್ದೆ.

ಇದು ಕದ್ದದ್ದಲ್ಲ, ಕೊಡಲಿಕ್ಕೆಂದೇ ತಂದದ್ದು, ಈಗ ನೀವು ಬಂದು ನಮ್ಮ ಮುಖ್ಯಸ್ಥರ ಎದುರು ಹೇಳಿದರೆ ನನ್ನ ಕೆಲಸ ಉಳಿಯುತ್ತದೆ ಅಂತ ಅವರಿಗೆ ಬಿಡಿಸಿ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಸ್ವರ ತಗ್ಗಿಸಿ, "ಯಾರು ಹೆದರಿಸಿದರು ಮಗಳೇ ನಿನ್ನನ್ನು?" ಅಂತ ಕೇಳಿದರು. ಯಾರೂ ಇಲ್ಲ ಅಂದೆ. "ಹಾಗಾದರೆ ಆಯಿಶಮ್ಮನೇ ಬಂದು ಹೇಳಲಿ, ಆಗ ಬಾಯಿ ಬಿಡುವ" ಅಂದರು. ತಮಾಷೆಗಲ್ಲ. ಬದುಕಿದ್ದವರಿಗೆ ಕೊಟ್ಟ ಮಾತನ್ನು ಅವರ ಹತ್ತಿರವೇ ಬಿಡಿಸಿಕೊಳ್ಳಬಹುದು, ಸತ್ತವರಿಗೆ ಕೊಟ್ಟದ್ದನ್ನು ಯಾರ ಹತ್ತಿರ ಬಿಡಿಸಿಕೊಳ್ಳುವುದು ಅಂತ ಅವರ ಲೆಕ್ಕ. ಬೇರೆಯವರ ಮನೆಗೂ ಹೋದೆ. ಎಲ್ಲರೂ ಚಾ ಕೊಟ್ಟರು, ಎಲ್ಲರೂ ತಲೆ ಸವರಿದರು, ಒಬ್ಬರೂ ಒಪ್ಪಲಿಲ್ಲ. ಆಯಿಶಮ್ಮನ ಮಗಳು ಸಿಕ್ಕಿಬಿದ್ದಿದ್ದಾಳೆ, ನಾವು ಗಟ್ಟಿಯಾಗಿರಬೇಕು ಅಂತ ಈಗ ಊರಿನಲ್ಲಿ ಮಾತಾಗಿದೆಯಂತೆ. ಜಸೀಲಾ ನಗುತ್ತಾ ಹೇಳಿದಳು. ನನಗೆ ನಗಲಿಕ್ಕೂ ಆಗಲಿಲ್ಲ.

ಬರೀ ಗಂಟುಗಳನ್ನು ಕೊಂಡುಹೋಗಿ ಇಟ್ಟರೆ ಯಾರೂ ನಂಬುವುದಿಲ್ಲ. ಕೇಂದ್ರದ ಗೋದಾಮಿನಿಂದಲೇ ತಂದದ್ದು ಅಂದಾರು. ಬೆಳೆದವರ ಬಾಯಿಯಿಂದ ಬರಬೇಕು. ನೀನು ಹಾಗೆಯೇ ಕೇಳುತ್ತೀ, ಕೇಳಬೇಕಾದದ್ದೂ ಹಾಗೆಯೇ.

ಕೆಲಸ ಹೋದರೆ ಹೋಗಲಿ. ಆದರೆ ಮುಂದಿನ ತಳಿ ಅರ್ಧಕ್ಕೆ ನಿಂತಿದೆ, ಹೊಳೆಯಲ್ಲಿ ಉಪ್ಪುನೀರು ಮೇಲೆ ಬಂದರೂ ತಡೆಯುವಂಥದ್ದು. ವಿಭಾಗ ಮುಚ್ಚಿದರೆ ಅದು ಫ್ರಿಜ್ಜಿನಲ್ಲೇ ಸಾಯುತ್ತದೆ. ಅದಕ್ಕಿಂತ ದೊಡ್ಡದು ಒಂದು ಉಂಟು, ಯಾರ ಹತ್ತಿರವೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ನನ್ನ ಉಮ್ಮ ಕೊನೆಯವರೆಗೂ ನನ್ನನ್ನು ಕಳ್ಳಿ ಅಂದುಕೊಂಡಿದ್ದಳು. ಒಳ್ಳೆಯ ಕಳ್ಳಿ, ತಾಯಿಗಾಗಿ ಕದ್ದ ಕಳ್ಳಿ, ಆದರೂ ಕಳ್ಳಿಯೇ. ಆ ಬಿತ್ತನ್ನು ನಾನೇ ಮಾಡಿದ್ದು ಅಂತ ಅವಳಿಗೆ ಗೊತ್ತೇ ಆಗಲಿಲ್ಲ. ಬೇರೆಯವರ ಮಾಲು ತಂದಿದ್ದೇನೆ ಅಂದುಕೊಂಡೇ ಮಣ್ಣಿಗೆ ಹೋದಳು. ಇದು ನೆನಪಾದಾಗಲೂ ನನಗೆ ಏನೂ ಆಗುವುದಿಲ್ಲ. ಅದಕ್ಕೇ ಹೆದರಿಕೆ.

ವರದಿ ಬದಲಿಸು ಅಂತ ಕೇಳಲಿಕ್ಕೆ ಈ ಕಾಗದ ಬರೆಯುತ್ತಿಲ್ಲ. ಪುರಾವೆ ಇಲ್ಲದೆ ನೀನು ಬದಲಿಸಬಾರದು. ನಿನಗೆ ಗೊತ್ತಿರಲಿ ಅಂತ, ಅಷ್ಟೇ. ನಿನ್ನ ಅಮ್ಮ ಫೋನ್ ಮಾಡಿದ್ದರು, ಮೊಣಕಾಲು ನೋವಿನಿಂದ ನಲ್ವತ್ತಕ್ಕೆ ಬರಲಾಗಲಿಲ್ಲ, ಒಂದು ದಿನ ಬಂದು ಹೋಗುತ್ತೇನೆ ಅಂದರು. ಬೇಡ, ಆ ಬಸ್ಸಿನಲ್ಲಿ ಕಷ್ಟ ಅಂದೆ. ನಿನ್ನ ಮದುವೆಗೆ ಉಮ್ಮ ಬಂದದ್ದು ನೆನಪುಂಟಾ? ದುಪ್ಪಟ್ಟದ ಅಡಿಯಲ್ಲಿ ಏನೋ ಗಂಟು ಅಡಗಿಸಿಕೊಂಡು ಬಂದಿದ್ದಳು. ಖರ್ಜೂರ ಇರಬೇಕು, ತಾಯಿಯಂದಿರಿಬ್ಬರೇ ತಿಂದು ಮುಗಿಸಿದರು ಅಂತ ನಾವು ನಗಾಡಿದ್ದು.

ಆರೋಗ್ಯ ನೋಡಿಕೋ.

ನಿನ್ನ
ಉಝ್ಮಾ

ಲಕೋಟೆ ಅಂಟಿಸುವ ಮೊದಲು, ಮರುದಿನ:

ಬೇಡ ಅಂದರೂ ನಿನ್ನ ಅಮ್ಮ ಬಂದರು. ಮಿಜಾರಿನಿಂದ ಎರಡು ಬಸ್ಸು ಬದಲಿಸಿ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು. ಜಗಲಿಯಲ್ಲಿ ಕೂತು ಬ್ಯಾಗಿನಿಂದ ಒಂದು ಗಂಟು ತೆಗೆದರು. ತಡವಾಯಿತು, ಆಯಿಶಮ್ಮ ಬೇಸರ ಮಾಡಬಾರದು ಅಂದರು.

ಖರ್ಜೂರ ಅಲ್ಲ ವಿಜಿ. ನಿನ್ನ ತಾಯಿಮನೆಯ ತೋಡಿನ ಬದಿಯ ಗದ್ದೆಯಲ್ಲಿ ನಿನ್ನ ಮದುವೆಯ ವರ್ಷದಿಂದ ಇರುವುದು ಜಲಧಾರಿ. ನಿನ್ನ ಸರ್ವೆಯ ಹುಡುಗಿ ಸಜ್ನಾ ನಿಮ್ಮ ಮನೆಗೂ ಹೋಗಿದ್ದಳಂತೆ. ಅವಳಿಗೆ ಮಜ್ಜಿಗೆ ಕೊಟ್ಟು, "ಇಲ್ಲ ಮಗಾ, ನಮ್ಮದು ಊರಿನ ಬಿತ್ತು" ಅಂತ ಹೇಳಿ ಕಳಿಸಿದವರು ನಿನ್ನ ಅಮ್ಮನೇ. ನೀನು ಪ್ರತಿ ಸಲ ಹೈದರಾಬಾದಿಗೆ ಹೊತ್ತುಕೊಂಡು ಹೋಗುವ ಕುಚ್ಚಲಕ್ಕಿ ಅದೇ. ಅದರ ಗಂಜಿ ಉಂಡೇ ನೀನು ಆ ವರದಿ ಬರೆದದ್ದು.

ನಿನ್ನ ಅಮ್ಮನ ಹತ್ತಿರ, ನಾನು ಕದ್ದದ್ದಲ್ಲ ಸ್ವರ್ಣಕ್ಕ ಅಂದೆ. ಅವರು, ಗೊತ್ತುಂಟು, ಆಯಿಶಮ್ಮ ಹೇಳಿದ್ದರು ಅಂದರು. ಏನು ಹೇಳಿದ್ದರು ಅಂತ ಕೇಳಿದೆ. ಮದುವೆಯ ದಿನ ನಿಮ್ಮ ಅಡುಗೆಮನೆಯ ಹಿಂದೆ ಗಂಟು ಕೊಡುವಾಗ ಉಮ್ಮ ಹೇಳಿದಳಂತೆ: "ಇದು ನನ್ನ ಉಝ್ಮಾ ಮಾಡಿದ ಬಿತ್ತು. ಸರಕಾರದ್ದು ಅನ್ನುತ್ತಾರೆ. ಅದನ್ನು ಹೆತ್ತವಳು ತನ್ನದನ್ನೇ ಒಂದು ಹಿಡಿ ಮನೆಗೆ ತಂದರೆ ಅದು ಕಳ್ಳತನ ಆಗುತ್ತದಾ ಸ್ವರ್ಣಕ್ಕ? ಆದರೂ ಯಾರಿಗೂ ಹೇಳಬೇಡಿ. ಹೆಸರು ಹೋಗುವುದು ಬೇಡ ಅವಳದ್ದು."

ಆಗ ನಾನು ಅತ್ತೆ. ನಿನ್ನ ಅಮ್ಮನ ಮಡಿಲಲ್ಲಿ ತಲೆ ಇಟ್ಟು, ಜಸೀಲಾ ಓಡಿ ಬರುವ ಹಾಗೆ ಅತ್ತೆ. ಸಂಜೆಯವರೆಗೂ ನಿಲ್ಲಲಿಲ್ಲ.

ಹೋಗುವಾಗ ಅವರು ಒಂದು ಮಾತು ಹೇಳಿದರು. ಮಾತು ಕೊಟ್ಟದ್ದು ಆಫೀಸಿನವರಿಗೆ ಹೇಳುವುದಿಲ್ಲ ಅಂತ. ವಿಜೇತಾ ಟ್ಯಾಬ್ ಬಿಟ್ಟು, ಮಗಳಾಗಿ ಬಂದು, ಅಡುಗೆಮನೆಯಲ್ಲಿ ಕೂತು ಕೇಳಿದರೆ ಹೇಳುತ್ತೇನೆ. ಮಾತು ಮುರಿಯದೆ ನಾನು ಹೇಳಿದ್ದನ್ನು ನೋಡಿದರೆ ನಿಮ್ಮ ಮಾಯಿಲಪ್ಪನೂ ಹೇಳುತ್ತಾನೆ ಅಂದರು.

ತಿಂಗಳು ಮುಗಿಯಲಿಕ್ಕೆ ಇನ್ನೂ ದಿನ ಉಂಟು. ಊರಿಗೆ ಬಾ ಮಾರಾಯ್ತಿ.